ಉಯ್ಯಾಲೆಗೂ ಶಾಸ್ತ್ರದಲ್ಲಿ ಸ್ಥಾನ ಕೊಟ್ಟ ದೊರೆ: ಕಲ್ಯಾಣದ ಭೂಲೋಕಮಲ್ಲ ಸೋಮೇಶ್ವರ

ಶ್ರಾವಣ ಮಾಸ ಬಂತೆಂದರೆ ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಸೀಮೆಯ ಹಳ್ಳಿಗಳಲ್ಲಿ ಬೇವು, ಹುಣಸೆ ಮರಗಳ ಕೊಂಬೆಗೆ ಹಗ್ಗ ಬೀಳುತ್ತದೆ. ನಾಗರ ಪಂಚಮಿಗೆಂದು ತವರಿಗೆ ಬಂದ ಹೆಣ್ಣುಮಕ್ಕಳು ಉಂಡಿ, ಅಳ್ಳು ತಿಂದು ಜೋಕಾಲಿ ಏರುತ್ತಾರೆ. ಒಬ್ಬರು ಕೂತು ಜೀಕುವುದುಂಟು. ಹಲಗೆಯ ಎರಡು ತುದಿಯಲ್ಲಿ ಇಬ್ಬರು ಎದುರುಬದುರು ನಿಂತು, ಮೇಲಿನ ಎಲೆಯನ್ನು ಮುಟ್ಟಿಯೇ ತೀರುತ್ತೇವೆಂದು ಹಟ ಹಿಡಿಯುವುದೂ ಉಂಟು. ಇಂಥ ಆಟವನ್ನು ಯಾವ ಪಂಡಿತನೂ ಗ್ರಂಥದಲ್ಲಿ ಬರೆದಿಡುವುದಿಲ್ಲ ಎಂದೇ ಯಾರಿಗಾದರೂ ಅನ್ನಿಸುತ್ತದೆ. ಆದರೆ ಸರಿಸುಮಾರು ಒಂಬತ್ತು ಶತಮಾನಗಳ ಹಿಂದೆ ಇದೇ ಕಲ್ಯಾಣದ ಸಿಂಹಾಸನದ ಮೇಲೆ ಕೂತಿದ್ದ ದೊರೆಯೊಬ್ಬ ತನ್ನ ಮಹಾಗ್ರಂಥದಲ್ಲಿ ಉಯ್ಯಾಲೆಗೆಂದೇ ಒಂದು ಅಧ್ಯಾಯ ಮೀಸಲಿಟ್ಟ. ಆತ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ. ಭೂಲೋಕಮಲ್ಲ, ಸರ್ವಜ್ಞ ಚಕ್ರವರ್ತಿ ಎಂಬ ಬಿರುದುಗಳು ಆತನಿಗೆ ಸಂದಿದ್ದವು.

ಇಂದು ಕಲ್ಯಾಣ ಎಂದೊಡನೆ ಕನ್ನಡಿಗರ ನೆನಪಿಗೆ ಬರುವವರು ಬಸವಣ್ಣನವರು. ಊರಿನ ಹೆಸರೂ ಅವರದೇ. ಅದಕ್ಕೂ ಹಿಂದಿನವರಲ್ಲಿ ಜನರಿಗೆ ಗೊತ್ತಿರುವ ಹೆಸರು ಆರನೆಯ ವಿಕ್ರಮಾದಿತ್ಯನದು. ಈ ಇಬ್ಬರು ಮಹಾನುಭಾವರ ನಡುವಿನ ಹನ್ನೆರಡು ವರ್ಷ ಆಳಿದ ಸೋಮೇಶ್ವರ ಮಾತ್ರ ಪಠ್ಯಪುಸ್ತಕದ ಒಂದು ಸಾಲಿನಲ್ಲಿ ಮುಗಿದುಹೋಗುತ್ತಾನೆ.

ತಂದೆಯ ನೆರಳು

ಸೋಮೇಶ್ವರನ ತಂದೆ ತ್ರಿಭುವನಮಲ್ಲ ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ, ಭರ್ತಿ ಅರ್ಧ ಶತಮಾನ ಆಳಿದವನು. ಪಟ್ಟಕ್ಕೆ ಬಂದ ವರ್ಷದಿಂದ ಶಕ ವರ್ಷದ ಬದಲು ತನ್ನದೇ ಹೆಸರಿನ ವಿಕ್ರಮ ವರ್ಷವನ್ನು ಜಾರಿಗೆ ತಂದವನು. ಕಾಶ್ಮೀರದಿಂದ ಬಂದ ಕವಿ ಬಿಲ್ಹಣ ಅವನ ಚರಿತೆಯನ್ನು ಸಂಸ್ಕೃತ ಕಾವ್ಯವಾಗಿ ಬರೆದ. ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನ ರಚಿಸಿದ್ದು ಅವನ ಆಶ್ರಯದಲ್ಲಿ. ಹಿಂದೂ ಆಸ್ತಿ ಹಕ್ಕಿನ ವ್ಯಾಜ್ಯಗಳಲ್ಲಿ ಬ್ರಿಟಿಷರ ಕಾಲದ ನ್ಯಾಯಾಲಯಗಳೂ ಆಧರಿಸಿದ ಗ್ರಂಥ ಅದು. ಹುಮನಾಬಾದ್ ತಾಲೂಕಿನ ಜಲಸಂಗಿ ದೇವಾಲಯದ ಹೊರಗೋಡೆಯಲ್ಲಿ ಶಿಲಾಬಾಲಿಕೆಯೊಬ್ಬಳು ಶಾಸನ ಬರೆಯುತ್ತ ನಿಂತಿದ್ದಾಳೆ. ಅವಳು ಬರೆಯುತ್ತಿರುವುದೂ ವಿಕ್ರಮಾದಿತ್ಯನ ಕೀರ್ತಿಯನ್ನೇ.

ಇಂಥ ತಂದೆಯ ಮಗನಾಗಿ ಹುಟ್ಟುವುದು ಸುಲಭದ ಮಾತಲ್ಲ. ಅರಮನೆಯಲ್ಲಿ ಬೆಳೆಯುವಾಗಲೇ ಕಾವ್ಯ, ಧರ್ಮಶಾಸ್ತ್ರ, ಸಂಗೀತ, ಶಿಲ್ಪಗಳೆಲ್ಲವೂ ಸುತ್ತಮುತ್ತ ಇದ್ದವು. ತಂದೆ ಕತ್ತಿಯಿಂದ ಕಟ್ಟಿದ ಸಾಮ್ರಾಜ್ಯ ನರ್ಮದೆಯ ಸೀಮೆಯಿಂದ ದಕ್ಷಿಣಕ್ಕೆ ಹರಡಿತ್ತು. 1126ರ ಸುಮಾರಿಗೆ ಅದು ಮಗನ ಕೈಗೆ ಬಂದಾಗ ಅಂಚುಗಳು ಸಡಿಲಗೊಳ್ಳತೊಡಗಿದ್ದವು. ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನ ಹೆಸರಿಗೆ ಸಾಮಂತನಾಗಿದ್ದರೂ ಸ್ವತಂತ್ರನಾಗುವ ತವಕವನ್ನು ಬಿಟ್ಟಿರಲಿಲ್ಲ. ಪೂರ್ವದಲ್ಲಿ ವಿಕ್ರಮಾದಿತ್ಯ ಗೆದ್ದುಕೊಂಡಿದ್ದ ವೆಂಗಿಯ ಮೇಲಿನ ಹಿಡಿತ ಚೋಳರ ಕಡೆಗೆ ಜಾರಿತು. ಸೋಮೇಶ್ವರನೂ ತಂದೆಯಂತೆ ತನ್ನ ಹೆಸರಿನಲ್ಲಿ ಭೂಲೋಕಮಲ್ಲ ವರ್ಷದ ಎಣಿಕೆ ಆರಂಭಿಸಿದ. ಆದರೆ ಆ ಎಣಿಕೆ ಐವತ್ತು ಮುಟ್ಟಲಿಲ್ಲ.

ಯುದ್ಧದ ಅಳತೆಗೋಲಿನಿಂದ ಅಳೆಯುವ ಇತಿಹಾಸಕಾರರು ಆತನನ್ನು ಶಾಂತಿಪ್ರಿಯ ಎಂದು ಕರೆಯುತ್ತಾರೆ. ಅದು ಹೊಗಳಿಕೆಯಂತೆ ಕೇಳಿಸಿದರೂ ಒಳಗೆ ದುರ್ಬಲ ಎಂಬ ಧ್ವನಿ ಇಲ್ಲದಿಲ್ಲ. ಈ ತೀರ್ಪು ಪೂರ್ತಿ ಸುಳ್ಳಲ್ಲ, ಪೂರ್ತಿ ನ್ಯಾಯವೂ ಅಲ್ಲ. ಗಡಿಯ ಒಂದು ಪ್ರಾಂತ್ಯ ಕೈತಪ್ಪಿದ್ದು ನಿಜ. ಅದೇ ಹೊತ್ತಿಗೆ ಆ ಅರಮನೆಯಲ್ಲಿ ನಡೆಯುತ್ತಿದ್ದ ಕೆಲಸದ ಫಲ ಮಾತ್ರ ಇಂದಿಗೂ ಉಳಿದಿದೆ. ಗೆದ್ದವರ ಪ್ರಾಂತ್ಯಗಳೂ ಸೋತವರ ಪ್ರಾಂತ್ಯಗಳೂ ಉಳಿದಿಲ್ಲ.

ನೂರು ಅಧ್ಯಾಯಗಳ ಅರಮನೆ

ಆ ಕೆಲಸದ ಹೆಸರು ಮಾನಸೋಲ್ಲಾಸ. ಅಭಿಲಷಿತಾರ್ಥ ಚಿಂತಾಮಣಿ ಎಂಬುದು ಇನ್ನೊಂದು ಹೆಸರು. ಸಂಸ್ಕೃತ ಪದ್ಯದಲ್ಲಿರುವ ಈ ವಿಶ್ವಕೋಶದಲ್ಲಿ ಐದು ಭಾಗಗಳು, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯಗಳು, ಒಟ್ಟು ನೂರು. ಗ್ರಹಗಣಿತದ ಲೆಕ್ಕಕ್ಕೆ ಶಕ 1051ರ ಚೈತ್ರವನ್ನು ಆಧಾರವಾಗಿ ಹಿಡಿದಿರುವುದರಿಂದ ಅದು 1129ರ ಆಸುಪಾಸಿನ ರಚನೆ ಎಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಅಂದರೆ ಪಟ್ಟವೇರಿದ ಮೂರ್ನಾಲ್ಕು ವರ್ಷಗಳಲ್ಲೇ ದೊರೆ ಲೇಖನಿ ಹಿಡಿದಿದ್ದ.

ಮೊದಲ ಭಾಗ ರಾಜ್ಯವನ್ನು ಪಡೆಯಲು ಬೇಕಾದ ಗುಣಗಳ ಕುರಿತದ್ದು. ಎರಡನೆಯದು ಪಡೆದ ರಾಜ್ಯವನ್ನು ಸ್ಥಿರಗೊಳಿಸುವ ಬಗೆ: ಮಂತ್ರಿ, ಬೊಕ್ಕಸ, ಕೋಟೆ, ಸೇನೆ, ಆನೆ, ರತ್ನಪರೀಕ್ಷೆ. ಮೂರನೆಯದು ಭೋಗ. ಮನೆ ಕಟ್ಟುವುದು, ಗೋಡೆಗೆ ಗಾರೆ ಬಳಿದು ಚಿತ್ರ ಬರೆಯುವುದು, ಸ್ನಾನ, ತಾಂಬೂಲ, ಉಡುಗೆ, ಹಾಸಿಗೆ, ಕುಡಿಯುವ ನೀರು, ಊಟ ಎಲ್ಲವೂ ಇಲ್ಲಿವೆ. ಇಡ್ಲಿಯ ಪೂರ್ವಜ ಇಡ್ಡರಿಕಾ, ದೋಸೆಯ ಪೂರ್ವಜ ದೋಸಕ, ಮಂಡಕ, ವಟಕಗಳ ಉಲ್ಲೇಖ ಸಿಗುವುದು ಈ ಭಾಗದಲ್ಲೇ. ಬೆಂಗಳೂರಿನ ದರ್ಶಿನಿಯಲ್ಲಿ ನಿಂತು ತಿಂಡಿ ತಿನ್ನುವವರಿಗೆ ಈ ದೊರೆ ಅಷ್ಟೇನೂ ದೂರದವನಲ್ಲ.

ನಾಲ್ಕನೆಯ ಭಾಗ ವಿನೋದಗಳದು. ಕುಸ್ತಿ, ಆನೆಯ ಓಟ, ಕುದುರೆ ಏರಿ ಚೆಂಡನ್ನು ಹೊಡೆಯುವ ಆಟ, ಕೋಳಿ ಮತ್ತು ಟಗರಿನ ಕಾಳಗ, ಬೇಟೆ, ಸಂಗೀತ, ನೃತ್ಯ, ಕಥೆ. ಮೀನು ಹಿಡಿಯುವ ಅಧ್ಯಾಯದಲ್ಲಿ ಹತ್ತಾರು ಜಾತಿಯ ಮೀನುಗಳು, ಅವುಗಳಿಗೆ ಯಾವ ಆಹಾರ ಇಷ್ಟ, ಗಾಳದ ದಾರ ಹೇಗಿರಬೇಕು ಎಂಬ ವಿವರಗಳಿವೆ. 1951ರಲ್ಲಿ ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಅದನ್ನು ಆಧುನಿಕ ಪ್ರಾಣಿಶಾಸ್ತ್ರದ ಬೆಳಕಿನಲ್ಲಿ ಪರಿಶೀಲಿಸಿದರು. ಸಂಗೀತದ ಭಾಗದಲ್ಲಂತೂ ಜನಭಾಷೆಗಳ ಹಾಡುಗಬ್ಬಗಳಿಗೂ ಜಾಗವಿದೆ. ನೂರು ವರ್ಷಗಳ ಬಳಿಕ ದೇವಗಿರಿಯಲ್ಲಿ ಸಂಗೀತರತ್ನಾಕರ ಬರೆದ ಶಾರ್ಙ್ಗದೇವ ತನ್ನ ಪೂರ್ವಾಚಾರ್ಯರ ಸಾಲಿನಲ್ಲಿ ಸೋಮೇಶ್ವರನನ್ನೂ ನೆನೆದಿದ್ದಾನೆ.

ಇಷ್ಟೆಲ್ಲವನ್ನೂ ದೊರೆ ಒಬ್ಬನೇ ಬರೆದನೇ? ಆನೆಯ ಮಾವುತ, ಅಡುಗೆಯ ಬಾಣಸಿಗ, ಗಾಳ ಹಾಕುವ ಬೆಸ್ತ, ರತ್ನ ನೋಡುವ ವರ್ತಕ ಇವರೆಲ್ಲರ ಅನುಭವ ಗ್ರಂಥದೊಳಗೆ ಇಳಿದಿರುವುದಂತೂ ಓದಿದವರಿಗೆ ಸ್ಪಷ್ಟ. ಆಸ್ಥಾನದ ಪಂಡಿತರ ನೆರವು ಇದ್ದಿರಲೂಬಹುದು. ಕೈಕಸುಬಿನವರ ತಿಳಿವಳಿಕೆ ಶಾಸ್ತ್ರಕ್ಕೆ ಸಲ್ಲುವಂಥದ್ದು ಎಂದು ಒಪ್ಪಿದ ಮನಸ್ಸು ಮಾತ್ರ ಆತನದೇ ಎನ್ನಬೇಕು.

ಐದನೆಯ ಭಾಗ ಕ್ರೀಡೆಗಳದು. ಬೆಟ್ಟದ ವಿಹಾರ, ವನವಿಹಾರ, ನೀರಾಟ, ಮರಳಾಟ, ಬೆಳದಿಂಗಳ ಆಟ, ಒಗಟು, ಚದುರಂಗ, ಪಗಡೆ. ಇವುಗಳ ನಡುವೆ ಇರುವುದೇ ಆಂದೋಲನ ಕ್ರೀಡೆ, ಅಂದರೆ ಉಯ್ಯಾಲೆಯಾಟ.

ಹಗ್ಗದ ಲೆಕ್ಕ

ಸೋಮೇಶ್ವರ ಉಯ್ಯಾಲೆಯನ್ನು ಕಂಡದ್ದು ರಾಜವಿಲಾಸವಾಗಿ. ಅದರ ತೂಗಾಟದ ನಿಯಮವನ್ನು ಜಗತ್ತು ಅರಿಯಲು ಇನ್ನೂ ನಾಲ್ಕೂವರೆ ಶತಮಾನ ಬೇಕಾಯಿತು. ಇಟಲಿಯ ಗೆಲಿಲಿಯೊ 16ನೆಯ ಶತಮಾನದ ಕೊನೆಯಲ್ಲಿ ಲೋಲಕದ ಅಧ್ಯಯನ ಆರಂಭಿಸಿದ. ಹಾಲೆಂಡಿನ ಹೈಗೆನ್ಸ್ 1656ರಲ್ಲಿ ಅದರಿಂದ ಗಡಿಯಾರವನ್ನೇ ಮಾಡಿದ. ಭೂಲೋಕಮಲ್ಲನ ಅರಮನೆಯ ಉಯ್ಯಾಲೆಯೂ ಹುಮನಾಬಾದಿನ ಹಳ್ಳಿಯ ಜೋಕಾಲಿಯೂ ಪಾಲಿಸುವುದು ಇವರು ಕಂಡುಕೊಂಡ ನಿಯಮವನ್ನೇ.

ಒಂದು ಸಲ ಹೋಗಿ ಬರಲು ತಗಲುವ ಸಮಯವನ್ನು ನಿರ್ಧರಿಸುವುದು ಮುಖ್ಯವಾಗಿ ಹಗ್ಗದ ಉದ್ದ. ಕೊಂಬೆಯಿಂದ ಕೂತವರ ಮೈಯ ನಡುಭಾಗಕ್ಕೆ 1 ಮೀಟರ್ ಇದ್ದರೆ 2 ಸೆಕೆಂಡ್, 4 ಮೀಟರ್ ಇದ್ದರೆ 4 ಸೆಕೆಂಡ್. 8 ಸೆಕೆಂಡಿನ ನಿಧಾನದ ತೂಗಾಟ ಬೇಕೆಂದರೆ 16 ಮೀಟರ್ ಹಗ್ಗ ಬೇಕು. ಅಷ್ಟೆತ್ತರದ ಕೊಂಬೆಯನ್ನು ಹುಡುಕುವುದೇ ಕಷ್ಟ. ಕೂತವರು ಸ್ಥೂಲಕಾಯದ ದೊರೆಯೋ, ಕಡ್ಡಿಯಂಥ ಹುಡುಗಿಯೋ, ಸಮಯದಲ್ಲಿ ಭೇದವಿಲ್ಲ. ಎತ್ತರಕ್ಕೆ ಜೀಕಿದಷ್ಟೂ ಸಮಯ ತುಸು ಹೆಚ್ಚುತ್ತದೆ ಎಂಬುದನ್ನು ತೋರಿಸಿಕೊಟ್ಟವನು ಹೈಗೆನ್ಸ್. ಹಗ್ಗ ನೆಲಕ್ಕೆ ಸಮಾನಾಂತರವಾಗುವಷ್ಟು ಎತ್ತರಕ್ಕೆ ಹೋದರೆ ಈ ಹೆಚ್ಚಳ ಶೇ. 18ರಷ್ಟು.

ನಿಂತು ಜೀಕುವವರು ಯಾರ ತಳ್ಳುವಿಕೆಯೂ ಇಲ್ಲದೆ ಎತ್ತರ ಏರುವುದು ಹೇಗೆ ಎಂಬುದು ಕುತೂಹಲದ ಸಂಗತಿ. ಜೋಕಾಲಿ ಕೆಳಗೆ ಬಂದಾಗ ಅವರು ಮಂಡಿ ನೀಡಿ ಎದ್ದು ನಿಲ್ಲುತ್ತಾರೆ, ತುದಿ ತಲುಪಿದಾಗ ಕುಕ್ಕುರುತ್ತಾರೆ. ಕೆಳಗೆ ವೇಗ ಹೆಚ್ಚಿರುವುದರಿಂದ ಮೈ ಭಾರವೆನಿಸುತ್ತದೆ. ಅಲ್ಲಿ ಎದ್ದು ನಿಲ್ಲಲು ಹೆಚ್ಚು ಶ್ರಮ ಬೇಕು. ತುದಿಯಲ್ಲಿ ಮೈ ಹಗುರ. ಕುಕ್ಕುರುವಾಗ ಅಷ್ಟು ಶ್ರಮ ಹಿಂದಕ್ಕೆ ಹೋಗುವುದಿಲ್ಲ. ಎರಡರ ನಡುವಿನ ವ್ಯತ್ಯಾಸವೇ ಪ್ರತಿ ಸಲ ಜೋಕಾಲಿಗೆ ಸಿಗುವ ಲಾಭ. ಭೌತಶಾಸ್ತ್ರದ ಒಂದಕ್ಷರ ಓದದ ಮಕ್ಕಳೂ ಈ ಲಯವನ್ನು ಹತ್ತು ನಿಮಿಷದಲ್ಲಿ ಕಲಿಯುತ್ತಾರೆ.

ಹಾಗಿದ್ದರೆ ಜೀಕುತ್ತ ಜೀಕುತ್ತ ಕೊಂಬೆಯನ್ನೇ ಸುತ್ತಿಬರಬಹುದೇ? ಹಗ್ಗದ ಜೋಕಾಲಿಯಲ್ಲಿ ಸಾಧ್ಯವಿಲ್ಲ. ಹಗ್ಗ ಎಳೆಯಬಲ್ಲದು, ತಳ್ಳಲಾರದು; ಮಿತಿ ಇರುವುದು ಈ ಒಂದು ಗುಣದಲ್ಲಿ. 4 ಮೀಟರ್ ಹಗ್ಗ ಕೊಂಬೆಯ ಮಟ್ಟಕ್ಕೆ ಏರಬೇಕಾದರೆ ಕೆಳಗಿನ ಬಿಂದುವಿನಲ್ಲಿ ಗಂಟೆಗೆ ಸುಮಾರು 32 ಕಿ.ಮೀ. ವೇಗ ಸಾಕು. ಸಡಿಲಗೊಳ್ಳದೆ ಪೂರ್ತಿ ಸುತ್ತು ಹಾಕಬೇಕಾದರೆ ಅದೇ ಬಿಂದುವಿನಲ್ಲಿ ಸುಮಾರು 50 ಕಿ.ಮೀ. ವೇಗ ಬೇಕು. ಶಕ್ತಿಯ ಲೆಕ್ಕದಲ್ಲಿ ಇದು ಮೊದಲಿನದರ ಎರಡೂವರೆ ಪಟ್ಟು. ನಡುವಿನ ಮೆಟ್ಟಿಲುಗಳೇ ಇಲ್ಲ. ಕೊಂಬೆಯ ಮಟ್ಟವನ್ನು ದಾಟಿ ಸುತ್ತು ಮುಗಿಸಲಾಗದಷ್ಟು ವೇಗದಲ್ಲಿದ್ದರೆ ಹಗ್ಗ ಸಡಿಲಾಗಿ, ಕೂತವರು ಎಸೆದ ಕಲ್ಲಿನಂತೆ ಬಿದ್ದು, ಮರುಕ್ಷಣ ಹಗ್ಗ ಬಿಗಿದು ಜಗ್ಗುತ್ತದೆ. ಜೀಕಿ ಜೀಕಿ ಗಳಿಸಿದ ಶಕ್ತಿಯೆಲ್ಲ ಆ ಜಗ್ಗಿನಲ್ಲೇ ಹೋಗುತ್ತದೆ. ಕೈ ಜಾರುವುದೂ ಅಲ್ಲೇ. ಎಸ್ತೋನಿಯಾ ದೇಶದಲ್ಲಿ 1990ರ ದಶಕದಿಂದ ಬೆಳೆದ ಒಂದು ಕ್ರೀಡೆಯಲ್ಲಿ ಪೂರ್ತಿ ಸುತ್ತು ಹಾಕುತ್ತಾರೆ. ಅಲ್ಲಿ ಹಗ್ಗದ ಬದಲು ಉಕ್ಕಿನ ತೋಳುಗಳಿವೆ, ಕಾಲುಗಳನ್ನು ಹಲಗೆಗೆ ಕಟ್ಟಿರುತ್ತಾರೆ.

ಇನ್ನು ಹಗ್ಗದ ಮೇಲಿನ ಭಾರ. 50 ಕಿಲೋ ತೂಕದವರು ಸುಮ್ಮನೆ ಕೂತಾಗ ಹಗ್ಗಗಳು ಹೊರುವುದು 50 ಕಿಲೋ. 60 ಡಿಗ್ರಿಯವರೆಗೆ ಜೀಕಿದರೆ ಕೆಳಗೆ ಬಂದ ಕ್ಷಣದಲ್ಲಿ 100 ಕಿಲೋ. ಕೊಂಬೆಯ ಮಟ್ಟಕ್ಕೆ ಜೀಕಿದರೆ 150. ಇಬ್ಬರು ನಿಂತು ಜೀಕಿದರೆ 300 ಕಿಲೋ, ಎದ್ದು ನಿಲ್ಲುವ ರಭಸಕ್ಕೆ ಅದಕ್ಕಿಂತಲೂ ತುಸು ಹೆಚ್ಚು. ಪೂರ್ತಿ ಸುತ್ತಿಗೆ ಬೇಕಾದ ವೇಗದಲ್ಲಾದರೆ ಮೈಭಾರದ ಆರು ಪಟ್ಟು. ಕೊಂಬೆಗೆ ಇನ್ನೊಂದು ಸಂಕಟವಿದೆ. ಕೆಳಮುಖದ ಎಳೆತದ ಜತೆಗೆ ಅಡ್ಡ ಎಳೆತವನ್ನೂ ಅದು ತಾಳಬೇಕು. ಕೊಂಬೆಯ ಮಟ್ಟಕ್ಕೆ ಜೀಕುವವರ ಹಗ್ಗ 45 ಡಿಗ್ರಿಯಲ್ಲಿರುವಾಗ ಈ ಅಡ್ಡ ಎಳೆತ ಮೈಭಾರದ ಒಂದೂವರೆ ಪಟ್ಟು ಇರುತ್ತದೆ. ಅದೂ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ನಿಂತ ಭಾರವನ್ನು ದಿನವಿಡೀ ಹೊರುವ ಕೊಂಬೆ ಈ ಅಲುಗಾಟಕ್ಕೆ ಬುಡದಲ್ಲಿ ಬಿರಿಯುವುದುಂಟು. ಹಗ್ಗ ಸವೆಯುವುದು ಕೊಂಬೆಯ ಮೇಲೆ ಉಜ್ಜುವ ಜಾಗದಲ್ಲಿ, ಕಣ್ಣಿಗೆ ಕಾಣದ ಎತ್ತರದಲ್ಲಿ. ಗಂಟು ಹಾಕಿದಲ್ಲಿ ಅದರ ಬಲ ಮೊದಲೇ ಕುಗ್ಗಿರುತ್ತದೆ. ಕೊಂಬೆಗೆ ಗೋಣಿ ಸುತ್ತಿ ಹಗ್ಗ ಕಟ್ಟುವ, ಮಕ್ಕಳನ್ನು ಕೂರಿಸುವ ಮುನ್ನ ದೊಡ್ಡವರು ಜೋತು ನೋಡುವ ಎಚ್ಚರ ಈ ಲೆಕ್ಕಕ್ಕೆ ಸರಿಯಾಗಿಯೇ ಇದೆ. ಆದರೆ ಸುಮ್ಮನೆ ಜೋತು ನೋಡುವುದು ಒಂದು ಪಟ್ಟಿನ ಪರೀಕ್ಷೆ. ಜೋರಾದ ಜೀಕು ಕೇಳುವುದು ಮೂರು ಪಟ್ಟು. ಇಬ್ಬರು ದೊಡ್ಡವರು ಒಟ್ಟಿಗೆ ಜೋತು, ಮೆಲ್ಲನೆ ಅಡ್ಡಕ್ಕೂ ತೂಗಿ ನೋಡಿದರೆ ಸತ್ಯಕ್ಕೆ ಇನ್ನಷ್ಟು ಹತ್ತಿರ.

ಅರಮನೆಯಲ್ಲಿ ದೊರೆಯ ಉಯ್ಯಾಲೆಗೆ ಹಗ್ಗವನ್ನೋ ಸರಪಳಿಯನ್ನೋ ಬಿಗಿದವರ ಹೆಸರು ಯಾವ ಶಾಸನದಲ್ಲೂ ಇಲ್ಲ. ಲೆಕ್ಕ ಬರೆದಿಡದಿದ್ದರೂ ಅದು ಅವರ ಕೈಗೆ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಉಯ್ಯಾಲೆ ರಾಜಭೋಗವಾಗಿ ಉಳಿಯುತ್ತಿರಲಿಲ್ಲ.

ಮುಗಿಯದ ಕಾವ್ಯ, ಮುಗಿದ ರಾಜ್ಯ

ಸೋಮೇಶ್ವರನ ಇನ್ನೊಂದು ಕೃತಿ ವಿಕ್ರಮಾಂಕಾಭ್ಯುದಯ. ತಂದೆಯ ಚರಿತೆಯನ್ನು ಮಗನೇ ಬರೆಯಹೊರಟದ್ದು. ಬಿಲ್ಹಣನ ಕಾವ್ಯ ಇರುವಾಗಲೇ ಮತ್ತೆ ಬರೆಯಲು ಹೊರಟನೆಂದರೆ ಪರಊರಿನ ಕವಿ ಕಾಣದ ಏನನ್ನೋ ಹೇಳಬೇಕೆಂಬ ಆಸೆ ಇದ್ದಿರಬೇಕು. ಅದರಲ್ಲಿ ಕರ್ನಾಟ ದೇಶದ ಹಾಗೂ ಕಲ್ಯಾಣ ಪಟ್ಟಣದ ವರ್ಣನೆ ವಿಸ್ತಾರವಾಗಿದೆ. ಆದರೆ ಸಿಕ್ಕಿರುವ ಕೃತಿ ಅಪೂರ್ಣ. ಆನೆ, ಅಡುಗೆ, ಉಯ್ಯಾಲೆಗಳ ಬಗ್ಗೆ ನೂರು ಅಧ್ಯಾಯ ತುಂಬಿದ ದೊರೆಯ ಹೆಸರಿನಲ್ಲಿ ತಂದೆಯ ಕಥೆಯೊಂದೇ ಅರ್ಧಕ್ಕೆ ನಿಂತಿದೆ.

1138ರಲ್ಲಿ ಸೋಮೇಶ್ವರನ ಆಳ್ವಿಕೆ ಕೊನೆಗೊಂಡಿತು. ಪಟ್ಟಕ್ಕೆ ಬಂದ ಮಗ ಎರಡನೆಯ ಜಗದೇಕಮಲ್ಲನೂ ಸಂಗೀತಚೂಡಾಮಣಿ ಎಂಬ ಸಂಗೀತಶಾಸ್ತ್ರದ ಗ್ರಂಥ ಬರೆದವನೇ. ತಂದೆಯಿಂದ ಮಗನಿಗೆ ಇಳಿದದ್ದು ಸಿಂಹಾಸನ ಮಾತ್ರವಾಗಿರಲಿಲ್ಲ. ಸಿಂಹಾಸನವಂತೂ ಹೆಚ್ಚು ಕಾಲ ನಿಲ್ಲಲಿಲ್ಲ. ಮುಂದೆ ಮೂರನೆಯ ತೈಲಪನ ಕಾಲದಲ್ಲಿ ಸಾಮಂತ ಕಳಚುರಿ ಬಿಜ್ಜಳ ಪ್ರಬಲನಾದ. 1157ರ ಹೊತ್ತಿಗೆ ಕಲ್ಯಾಣ ಅವನ ಕೈಸೇರಿತು. ಸೋಮೇಶ್ವರ ಕಣ್ಮರೆಯಾಗಿ ಇಪ್ಪತ್ತು ವರ್ಷವೂ ತುಂಬಿರಲಿಲ್ಲ.

ಬಸವಣ್ಣನವರು, ಅಲ್ಲಮಪ್ರಭು, ಅಕ್ಕಮಹಾದೇವಿಯವರ ಕಲ್ಯಾಣ ಇದಾದ ನಂತರದ್ದು. ಸೋಮೇಶ್ವರನ ಗ್ರಂಥ ಸಂಸ್ಕೃತದ್ದು, ಅರಮನೆಯದು. ಶರಣರ ಮಾತು ಕನ್ನಡದ್ದು, ಬೀದಿಯದು. ಎರಡರ ನಡುವೆ ಮೂರು ದಶಕಗಳ ಅಂತರವೂ ಇಲ್ಲ. ಅಂಬಿಗ, ಮಡಿವಾಳ, ಸಮಗಾರರು ತಮ್ಮ ಕಾಯಕದ ಮಾತನ್ನೇ ವಚನವಾಗಿಸಿದ ಊರಿನಲ್ಲಿ, ಅದಕ್ಕೆ ಸ್ವಲ್ಪ ಮೊದಲು ಬೆಸ್ತನ ಗಾಳಕ್ಕೂ ಬಾಣಸಿಗನ ಒಲೆಗೂ ಶ್ಲೋಕದಲ್ಲಿ ಜಾಗ ಸಿಕ್ಕಿತ್ತು. ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳಿದರೆ ತಪ್ಪಾದೀತು. ಒಂದು ದೊರೆಯ ಭೋಗಕ್ಕಾಗಿ ಬರೆದದ್ದು, ಇನ್ನೊಂದು ದೊರೆತನವನ್ನೇ ಪ್ರಶ್ನಿಸಿದ್ದು.

ಚಾಲುಕ್ಯರ ಅರಮನೆಯನ್ನು ಇಂದು ಬಸವಕಲ್ಯಾಣದಲ್ಲಿ ಹುಡುಕಿದರೆ ಸಿಗದು. ಈಗ ಕಾಣುವ ಕೋಟೆಯಲ್ಲಿ ನಂತರದ ಸುಲ್ತಾನರ, ನವಾಬರ ಕಾಲದ ಕಟ್ಟಡಗಳೇ ಹೆಚ್ಚು. ಪಕ್ಕದ ನಾರಾಯಣಪುರದ ಶಿವಾಲಯ, ಹುಮನಾಬಾದ್ ಕಡೆಯ ಜಲಸಂಗಿ ಇವು ಆ ಕಾಲದ ಕೈಚಳಕಕ್ಕೆ ಉಳಿದಿರುವ ಸಾಕ್ಷಿಗಳು.

ಗ್ರಂಥ ಮಾತ್ರ ಹಸ್ತಪ್ರತಿಗಳಲ್ಲಿ ಊರೂರು ಅಲೆದು ಬದುಕಿತು. ಬರೋಡಾದ ಗಾಯಕವಾಡ್ ಪ್ರಾಚ್ಯ ಗ್ರಂಥಮಾಲೆಯಲ್ಲಿ ಜಿ.ಕೆ. ಶ್ರೀಗೊಂಡೇಕರರ ಸಂಪಾದಕತ್ವದಲ್ಲಿ ಮೊದಲ ಸಂಪುಟ 1925ರಲ್ಲಿ ಅಚ್ಚಾಯಿತು. ಮರುವರ್ಷವೇ ಮೈಸೂರಿನಲ್ಲಿ, ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳು ಅಭಿಲಷಿತಾರ್ಥ ಚಿಂತಾಮಣಿಯ ಮೊದಲ ಭಾಗವನ್ನು ಪ್ರಕಟಿಸಿದರು. ಬರೋಡಾದ ಎರಡನೆಯ ಸಂಪುಟ 1939ರಲ್ಲಿ ಬಂತು. ಕ್ರೀಡೆಗಳ ಭಾಗವನ್ನು ಒಳಗೊಂಡ ಮೂರನೆಯ ಸಂಪುಟಕ್ಕೆ 1961ರವರೆಗೆ ಕಾಯಬೇಕಾಯಿತು. ಭೂಲೋಕಮಲ್ಲನ ಉಯ್ಯಾಲೆ ಅಚ್ಚಿನ ಪುಟಕ್ಕೆ ಬರುವ ಹೊತ್ತಿಗೆ ಬೀದರ್ ಜಿಲ್ಲೆ ಹೈದರಾಬಾದ್ ಸಂಸ್ಥಾನದ ನೆನಪನ್ನು ಹಿಂದೆ ಬಿಟ್ಟು ಮೈಸೂರು ರಾಜ್ಯ ಸೇರಿ ಐದು ವರ್ಷಗಳಾಗಿದ್ದವು.